ಹಾಸಿಗೆಯಿಂದ ತಾರಸಿಗೆ

ಅಪ್ಪ ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಲೆಕ್ಕ ಬರೆದಿಡದ ಕೆಲಸ ಅವರ ಪಾಲಿಗೆ ಮಾಡದ ಕೆಲಸ. 2020ರ ಮಾರ್ಚ್ 30ರಂದು ಅವರು ಇನ್ನೂರು ಪುಟದ ಒಂದು ನೋಟ್‌ಬುಕ್ ಹುಡುಕಿ ತೆಗೆದು, ಸ್ಕೇಲ್ ಇಟ್ಟು ಗೆರೆ ಹೊಡೆದು ನಾಲ್ಕು ಕಾಲಂ ಮಾಡಿದರು. ತಾರೀಖು, ನಿಮಿಷ, ಅಂಕ, ಫೋನ್. ಮೊದಲ ಸಾಲಿನಲ್ಲಿ ಹೀಗಿದೆ: 30-3, 5, 13, ಬಂತು.

ಇತಿಹಾಸ ಓದಿದ ನನಗೆ ಹಳೆಯ ಕಾಗದಗಳ ಮೇಲೆ ಮೋಹ. ಆದರೆ ನಮ್ಮ ಮನೆಯಲ್ಲೇ ಒಂದು ದಾಖಲೆ ಹುಟ್ಟುತ್ತಿದೆ ಎಂಬುದು ಆಗ ಹೊಳೆದಿರಲಿಲ್ಲ. ಮೊನ್ನೆ ಬೀರು ಜೋಡಿಸುವಾಗ ಆ ನೋಟ್‌ಬುಕ್ ಸಿಕ್ಕಿತು. ಅದರ ಒಂದೊಂದು ಕಾಲಂ ಹಿಂದೆಯೂ ಒಂದೊಂದು ಚರಿತ್ರೆ ಇದೆ ಎಂದು ಈಗ ಗೊತ್ತಾಗುತ್ತಿದೆ.

ಅಪ್ಪನಿಗೆ ಹೃದಯಾಘಾತವಾದದ್ದು ಆ ವರ್ಷದ ಫೆಬ್ರವರಿಯಲ್ಲಿ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮಾರ್ಚ್ 9, ಸೋಮವಾರದಿಂದ ವಾರಕ್ಕೆ ಮೂರು ದಿನ ಅಲ್ಲೇ ನಡೆಯುತ್ತಿದ್ದ ಹೃದಯ ಪುನಶ್ಚೇತನದ ತರಗತಿಗೆ ಬರಲು ಹೇಳಿದರು. ಒಂದು ಉದ್ದನೆಯ ಹಾಲ್, ನಾಲ್ಕು ಟ್ರೆಡ್‌ಮಿಲ್, ಎರಡು ಸೈಕಲ್, ಎದೆಗೆ ಅಂಟಿಸುವ ಇಸಿಜಿ ತಂತಿಗಳು, ಒಬ್ಬ ಯುವ ಫಿಸಿಯೋಥೆರಪಿಸ್ಟ್. ಅಪ್ಪನ ಗುಂಪಿನಲ್ಲಿ ಆರು ಜನ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು ಎಂದು ದೃಢಪಟ್ಟದ್ದು 12ರಂದು. ಮರುದಿನ ಹಾಲ್‌ನಲ್ಲಿ ಅದೇ ಮಾತು. ಅಪ್ಪ ಆರು ತರಗತಿ ಮುಗಿಸಿದ್ದರು. 21ರ ಶನಿವಾರ ಆಸ್ಪತ್ರೆಯಿಂದ ಫೋನ್ ಬಂತು: ಮುಂದಿನ ಸೂಚನೆಯವರೆಗೆ ತರಗತಿ ಇಲ್ಲ. ಮರುದಿನ ಜನತಾ ಕರ್ಫ್ಯೂ. ಬುಧವಾರ ಯುಗಾದಿ, ಅದೇ ದಿನದಿಂದ ದೇಶವಿಡೀ ಲಾಕ್‌ಡೌನ್. ಬೇವು ಬೆಲ್ಲವನ್ನೂ ಅಪ್ಪ ಹಾಸಿಗೆಯ ಮೇಲೆ ಕೂತೇ ತಿಂದರು.

ತರಗತಿ ನಿಂತ ದಿನದಿಂದ ಅವರು ಮಲಗಿಬಿಟ್ಟಿದ್ದರು. ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುತ್ತಿದ್ದರು. ನೆಂಟರು ಫೋನಿನಲ್ಲಿ ಹೇಳುತ್ತಿದ್ದುದೂ ಅದನ್ನೇ: ‘ಒಂದು ಲೋಟ ನೀರೂ ಎದ್ದು ತಗೋಬೇಡಿ, ಆಪರೇಷನ್ ಆಗಿರೋ ಹಾರ್ಟು.’ ಅಮ್ಮ ಬಾಣಂತನ ಮಾಡುವ ಹಾಗೆ ನೋಡಿಕೊಂಡರು. ಅದು ಪ್ರೀತಿಯ ಮಾತು, ಕಾಳಜಿಯ ಆರೈಕೆ. ಅಷ್ಟೇ ಅಲ್ಲ, ಅದು 1930ರ ದಶಕದ ವೈದ್ಯಶಾಸ್ತ್ರವೂ ಆಗಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ನೋಟ್‌ಬುಕ್ಕಿನ ‘ನಿಮಿಷ’ ಎಂಬ ಕಾಲಂ ಇರುವುದೇ ಆ ಶಾಸ್ತ್ರ ಸೋತದ್ದರಿಂದ.

ಎದೆನೋವಿನ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ಬಣ್ಣಿಸಿದವನು ವಿಲಿಯಂ ಹೆಬರ್ಡನ್ ಎಂಬ ಇಂಗ್ಲಿಷ್ ವೈದ್ಯ. ‘ಆಂಜೈನಾ’ ಎಂಬ ಹೆಸರು ಕೊಟ್ಟವನೂ ಅವನೇ. ಅವನ ಬರಹ ಅಚ್ಚಾದದ್ದು 1772ರಲ್ಲಿ. ಅವನು ತೀರಿಕೊಂಡ ಮೇಲೆ 1802ರಲ್ಲಿ ಹೊರಬಂದ ಪುಸ್ತಕದಲ್ಲಿ ಒಂದು ಪುಟ್ಟ ಮಾತಿದೆ. ಅವನ ರೋಗಿಯೊಬ್ಬ ದಿನಕ್ಕೆ ಅರ್ಧ ಗಂಟೆ ಸೌದೆ ಕೊಯ್ಯುವುದನ್ನು ತನಗೆ ತಾನೇ ವಿಧಿಸಿಕೊಂಡು ಬಹುಮಟ್ಟಿಗೆ ಗುಣವಾದನಂತೆ. ಆ ಮಾತು ಪುಸ್ತಕದಲ್ಲೇ ಉಳಿಯಿತು. 1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳ ಕಟ್ಟಿಕೊಂಡವರೆಲ್ಲ ಕೂಡಲೇ ಸಾಯುವುದಿಲ್ಲ, ಬದುಕಿ ಉಳಿಯುವವರಿದ್ದಾರೆ ಎಂದು ತೋರಿಸಿದ. ಉಳಿದವರಿಗೆ ಏನು ಮಾಡಬೇಕು? ಸಂಪೂರ್ಣ ವಿಶ್ರಾಂತಿ. 1939ರಲ್ಲಿ ಬಾಸ್ಟನ್‌ನ ವೈದ್ಯರು ಸತ್ತವರ ಹೃದಯಗಳನ್ನು ಪರೀಕ್ಷಿಸಿ, ಪೆಟ್ಟು ತಿಂದ ಸ್ನಾಯು ಗಾಯ ಮಾಯುವ ಹಾಗೆ ಮಾಯಲು ಐದು ವಾರದಿಂದ ಎರಡು ತಿಂಗಳು ಬೇಕು ಎಂದು ಕಂಡುಕೊಂಡರು. ಕಂಡದ್ದು ಸರಿಯಾಗಿಯೇ ಇತ್ತು. ಅದರಿಂದ ಹೊರಟ ತೀರ್ಮಾನ ಮಾತ್ರ ಕಠೋರವಾಗಿತ್ತು: ಅಷ್ಟೂ ದಿನ ರೋಗಿ ಹಾಸಿಗೆ ಬಿಟ್ಟು ಏಳಬಾರದು. ಊಟವನ್ನು ನರ್ಸ್ ತಿನ್ನಿಸಬೇಕು, ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರು ಬೇಕು. ಹಾಗೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುತ್ತಿತ್ತು, ಬೆನ್ನು ಹುಣ್ಣಾಗುತ್ತಿತ್ತು, ಮನಸ್ಸು ಕುಗ್ಗಿ ಹೋಗುತ್ತಿತ್ತು. ಆದರೂ ತಪ್ಪು ಹಾಸಿಗೆಯದ್ದು ಎಂದು ಹೆಚ್ಚಿನವರಿಗೆ ತೋಚಲಿಲ್ಲ. ಕಾಯಿಲೆಯದ್ದು ಎಂದೇ ತಿಳಿದರು.

ಇದನ್ನು ಮುರಿದದ್ದು ಒಂದು ಕುರ್ಚಿ. ಬಾಸ್ಟನ್‌ನ ಹಿರಿಯ ವೈದ್ಯ ಸ್ಯಾಮುಯೆಲ್ ಲಿವೈನ್, ಕಾಲು ಇಳಿಬಿಟ್ಟು ಕೂತರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಅದರ ಹೊರೆ ಇಳಿಯುತ್ತದೆ ಎಂದು ನಂಬಿದ್ದ. ಅವನೂ ಅವನ ಕಿರಿಯ ಸಹಾಯಕ ಬರ್ನಾರ್ಡ್ ಲೌನ್‌ನೂ ಸೇರಿ ರೋಗಿಗಳನ್ನು ಮೊದಲ ದಿನಗಳಲ್ಲೇ ಎತ್ತಿ ಆರಾಮಕುರ್ಚಿಯಲ್ಲಿ ಕೂರಿಸತೊಡಗಿದರು. ಜೊತೆಯ ಕಿರಿಯ ವೈದ್ಯರು ಇದು ಕೊಲೆಗೆ ಸಮ ಎಂಬಂತೆ ಸಿಟ್ಟಾದರು ಎಂದು ಲೌನ್ ಮುಂದೆ ನೆನಪಿಸಿಕೊಂಡಿದ್ದಾನೆ. 1952ರಲ್ಲಿ ಹೀಗೆ ಕೂರಿಸಿದ 81 ರೋಗಿಗಳ ವರದಿ ಪ್ರಕಟವಾಯಿತು. ಕುರ್ಚಿ ಯಾರನ್ನೂ ಕೊಂದಿರಲಿಲ್ಲ. ಈ ಲೌನ್, 1985ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಣ್ವಸ್ತ್ರ ವಿರೋಧಿ ವೈದ್ಯರ ಸಂಘಟನೆಯನ್ನು ಕಟ್ಟಿದವರಲ್ಲೂ ಒಬ್ಬ.

ಮರುವರ್ಷ, 1953ರಲ್ಲಿ, ಲಂಡನ್ನಿನ ಜೆರ್ರಿ ಮಾರಿಸ್ ಡಬಲ್ ಡೆಕ್ಕರ್ ಬಸ್ಸುಗಳ ಲೆಕ್ಕ ಮುಂದಿಟ್ಟ. ದಿನವಿಡೀ ಕೂತೇ ಇರುವ ಡ್ರೈವರ್‌ಗಳಿಗಿಂತ, ಟಿಕೆಟ್ ಕೊಡುತ್ತ ಮೇಲೆ ಕೆಳಗೆ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಡೆನ್ವರ್‌ನಲ್ಲಿ ಹೃದಯಾಘಾತವಾಯಿತು. ಹೊರಗೆ ಮೊದಲು ತಿಳಿಸಿದ್ದು ಅಜೀರ್ಣವೆಂದು. ಸೋಮವಾರ ನ್ಯೂಯಾರ್ಕಿನ ಷೇರುಪೇಟೆ ಸುಮಾರು ಶೇಕಡಾ 6ರಷ್ಟು ಬಿತ್ತು. ಅವರನ್ನು ನೋಡಲು ಬಂದ ಪಾಲ್ ಡಡ್ಲಿ ವೈಟ್, ಆ 1939ರ ಅಧ್ಯಯನ ಮಾಡಿದವರಲ್ಲಿ ಒಬ್ಬನೇ ಆಗಿದ್ದ. ಅಷ್ಟು ಹೊತ್ತಿಗೆ ಅವನು ನಡಿಗೆಯ ಪ್ರಚಾರಕನಾಗಿ ಬದಲಾಗಿದ್ದ. ಒಂದು ತಿಂಗಳ ಬಳಿಕ ಅಧ್ಯಕ್ಷರು ಆಸ್ಪತ್ರೆಯ ಬಿಸಿಲುಮಚ್ಚಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಕ್ಯಾಮೆರಾಗಳಿಗೆ ಮುಖ ತೋರಿಸಿದರು. ಮರುವರ್ಷ ಚುನಾವಣೆಯಲ್ಲಿ ಮತ್ತೆ ಗೆದ್ದರು. ಹೃದಯಾಘಾತವಾದವನ ಬದುಕು ಮುಗಿದಂತೆ ಎಂಬ ನಂಬಿಕೆ ಲಕ್ಷಾಂತರ ಜನರ ಮನಸ್ಸಿನಲ್ಲಿ ಅಲ್ಲಾಡಿದ್ದು ಆಗ.

ಕೊನೆಯ ಸಾಕ್ಷ್ಯ ಬಂದದ್ದು ಆರೋಗ್ಯವಂತರಿಂದ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ವಿದ್ಯಾರ್ಥಿಗಳನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ದುಡಿಯುವಾಗ ಆಮ್ಲಜನಕ ಬಳಸಿಕೊಳ್ಳುವ ಅವರ ಮೈಯ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಕರೆಸಿ ಅಳೆದರು. ಮೂವತ್ತು ವರ್ಷದ ವಯಸ್ಸು ಅವರಿಂದ ಕಿತ್ತುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದೇ ಹೆಚ್ಚಾಗಿತ್ತು. ಅಪ್ಪ ಮಲಗಿದ್ದ ಒಂಬತ್ತು ದಿನಗಳನ್ನು ನೆನೆದರೆ ಈಗಲೂ ನನಗೆ ಕಸಿವಿಸಿಯಾಗುತ್ತದೆ. ಅವರಿಗೆ ಇಪ್ಪತ್ತಲ್ಲ, ಅರವತ್ತಾರು.

ಮಾರ್ಚ್ 30ರ ಸಂಜೆ ಆ ಫಿಸಿಯೋಥೆರಪಿಸ್ಟ್ ತಮ್ಮ ಸ್ವಂತ ಮೊಬೈಲಿನಿಂದ ಫೋನ್ ಮಾಡಿದರು. ಅವರನ್ನು ಜ್ವರ ತಪಾಸಣೆಯ ವಿಭಾಗಕ್ಕೆ ಹಾಕಿದ್ದರು. ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಹಳೆಯ ಗುಂಪಿನವರಿಗೆ ಒಬ್ಬೊಬ್ಬರಿಗಾಗಿ ಕರೆ ಮಾಡುತ್ತಿದ್ದರು. ‘ಅಂಕಲ್, ಮನೇಲಿ ತಾರಸಿ ಇದೆಯಾ? ಉದ್ದ ಎಷ್ಟು ಹೆಜ್ಜೆ?’ ಅಪ್ಪ ಹೋಗಿ ಎಣಿಸಿ ಬಂದರು. ಹದಿನೆಂಟು ಹೆಜ್ಜೆ, ಆಮೇಲೆ ನೀರಿನ ಟ್ಯಾಂಕ್ ಅಡ್ಡ. ‘ಮೆಟ್ಟಿಲು ಹತ್ತಿ ಹೋದ್ರಲ್ಲ, ಸುಸ್ತಾಯ್ತಾ?’ ಅಪ್ಪ ಒಂದು ಕ್ಷಣ ಸುಮ್ಮನಾದರು. ತಾರಸಿಗೆ ಹೋಗಿ ಬಂದದ್ದು ಅವರ ಗಮನಕ್ಕೇ ಬಂದಿರಲಿಲ್ಲ.

‘ಅಂಕ’ ಎಂಬ ಕಾಲಂ ಅಂದೇ ಹುಟ್ಟಿದ್ದು. ಹಾಲ್‌ನಲ್ಲಿದ್ದಾಗ ಪರದೆಯ ಮೇಲೆ ಇಸಿಜಿ ಓಡುತ್ತಿತ್ತು, ಏನಾದರೂ ಹೆಚ್ಚುಕಡಿಮೆಯಾದರೆ ಯಂತ್ರ ಕೂಗುತ್ತಿತ್ತು. ತಾರಸಿಯಲ್ಲಿ ಏನಿದೆ? ನಾಡಿ ಎಣಿಸೋಣವೆಂದರೆ, ಹೃದಯಾಘಾತದ ನಂತರ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ತಗ್ಗಿಸಿಯೇ ಇಡುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಇದಕ್ಕೊಂದು ಸರಳ ದಾರಿ ಮಾಡಿಟ್ಟಿದ್ದ. ನಿನಗೆ ಎಷ್ಟು ಶ್ರಮ ಅನ್ನಿಸುತ್ತಿದೆ ಎಂದು ನೀನೇ ಅಂಕ ಕೊಡು. 6 ಎಂದರೆ ಏನೂ ಇಲ್ಲ, 20 ಎಂದರೆ ಇನ್ನಾಗದು. 6ರಿಂದ ಯಾಕೆ ಶುರು? ಆರೋಗ್ಯವಂತ ಯುವಕನ ನಾಡಿ ಸುಮ್ಮನಿದ್ದಾಗ ಸುಮಾರು 60, ಪೂರ್ತಿ ದಣಿದಾಗ ಸುಮಾರು 200. ಒಂದು ಸೊನ್ನೆ ತೆಗೆದಿದ್ದಾನೆ ಅಷ್ಟೆ. ಅಪ್ಪನಿಗೆ ಹೇಳಿದ ಗಡಿ 11ರಿಂದ 13. ಇದಕ್ಕೂ ಸುಲಭದ ಪರೀಕ್ಷೆ ಅಮ್ಮನ ಪಾಲಿಗೆ ಬಂತು: ಜೊತೆಯಲ್ಲಿ ನಡೆಯುತ್ತ ಮಾತಾಡಿಸಿ, ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸರಿ, ಒಂದೊಂದೇ ಪದ ಬಂದರೆ ನಿಲ್ಲಿಸಿ. ‘ಇವರು ಯಾವತ್ತೂ ಒಂದೊಂದೇ ಪದದಲ್ಲಿ ಮಾತಾಡೋದು, ನಾನು ಹೇಗೆ ಕಂಡುಹಿಡೀಲಿ?’ ಎಂದು ಅಮ್ಮ ಕೇಳಿದ್ದು ನೆನಪಿದೆ.

ಹೃದಯ ರೋಗಿ ಹಾಸಿಗೆ ಬಿಟ್ಟು ಎದ್ದ ಮೇಲೆ ಆಸ್ಪತ್ರೆಯ ಹಾಲ್ ಸೇರಿದ್ದಕ್ಕೂ ಕಾರಣವಿತ್ತು. 1960ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನ ಹರ್ಮನ್ ಹೆಲರ್‌ಸ್ಟೈನ್‌ನಂಥವರು ರೋಗಿಗಳಿಗೆ ಅಳೆದು ತೂಗಿ ವ್ಯಾಯಾಮ ಕೊಡತೊಡಗಿದಾಗ, ನಡುವೆ ಹೃದಯ ತಾಳ ತಪ್ಪಿದರೆ ಏನು ಗತಿ ಎಂಬ ಹೆದರಿಕೆ ಸಹಜವಾಗಿತ್ತು. ಹಾಗಾಗಿ ಯಂತ್ರ, ವೈದ್ಯರು, ಕಾವಲು. ಮೆಲ್ಲಗೆ ಅದೊಂದು ಪದ್ಧತಿಯಾಯಿತು: ವ್ಯಾಯಾಮ, ಆಹಾರ, ಮಾತ್ರೆಯ ತಿಳಿವಳಿಕೆ, ಬೀಡಿ ಸಿಗರೇಟು ಬಿಡಿಸುವುದು, ಮನಸ್ಸಿನ ದುಗುಡಕ್ಕೆ ಕಿವಿಗೊಡುವುದು. ಆದರೆ ಹಾಲ್ ಇರುವ ಕಡೆಗೆ ಬರಬಲ್ಲವರಿಗಷ್ಟೇ ಅದು ದಕ್ಕಿತು. 2019ರ ಹೊತ್ತಿಗೂ ಪ್ರಪಂಚದ ಹೆಚ್ಚುಕಡಿಮೆ ಅರ್ಧದಷ್ಟು ದೇಶಗಳಲ್ಲಿ ಮಾತ್ರ ಇಂಥ ಸೇವೆ ಇತ್ತು. ಅಗತ್ಯಕ್ಕೂ ಸೌಲಭ್ಯಕ್ಕೂ ನಡುವಿನ ಕಂದಕ ಅತಿ ದೊಡ್ಡದಾಗಿದ್ದದ್ದು ಭಾರತದಲ್ಲಿ. ಹಾಗಾಗಿಯೇ ನಮ್ಮಲ್ಲಿ ಬೇರೆ ದಾರಿ ಹುಡುಕಿದವರಿದ್ದರು. ದೊರೈರಾಜ್ ಪ್ರಭಾಕರನ್ ಮತ್ತು ಸಂಗಡಿಗರು ದೇಶದ 24 ಆಸ್ಪತ್ರೆಗಳ 3,959 ರೋಗಿಗಳಲ್ಲಿ ಯೋಗ ಆಧಾರಿತ ಪುನಶ್ಚೇತನವನ್ನು ಪರೀಕ್ಷಿಸಿದರು. ಮೂರು ತಿಂಗಳಲ್ಲಿ 13 ತರಗತಿ, ಉಳಿದದ್ದು ಮನೆಯಲ್ಲಿ. ಸಾವು ಮತ್ತು ಮರು ಆಘಾತಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಮಾಡಿದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದರು, ಮೊದಲಿನ ಕೆಲಸಗಳಿಗೆ ಹೆಚ್ಚಾಗಿ ಮರಳಿದರು. ಈ ಅಧ್ಯಯನ ಪತ್ರಿಕೆಯಲ್ಲಿ ಪ್ರಕಟವಾದದ್ದು 2020ರಲ್ಲೇ, ಹಾಲ್‌ಗಳೆಲ್ಲ ಬಾಗಿಲು ಹಾಕಿದ್ದ ಹೊತ್ತಿನಲ್ಲಿ.

ಆ ವರ್ಷ 70 ದೇಶಗಳ ಪುನಶ್ಚೇತನ ಕೇಂದ್ರಗಳನ್ನು ವಿಚಾರಿಸಿದ ಒಂದು ಸಮೀಕ್ಷೆಯಲ್ಲಿ, ಸುಮಾರು ಮುಕ್ಕಾಲು ಪಾಲು ಕಾರ್ಯಕ್ರಮಗಳು ನಿಂತುಹೋಗಿದ್ದವು ಇಲ್ಲವೇ ಕೆಲವು ವಾರವಾದರೂ ನಿಂತಿದ್ದವು. ಬ್ರಿಟನ್ನಿನಲ್ಲೂ ಈ ಕೆಲಸದ ನರ್ಸ್‌ಗಳನ್ನು, ಫಿಸಿಯೋಥೆರಪಿಸ್ಟ್‌ಗಳನ್ನು ಕೋವಿಡ್ ವಾರ್ಡುಗಳಿಗೆ ಕಳಿಸಿದ್ದರು. ಆಗ ಎಲ್ಲರೂ ಕೈ ಹಾಕಿದ್ದು ಫೋನಿಗೆ.

‘ಫೋನ್’ ಎಂಬ ಕಾಲಮ್ಮನ್ನು ಕೋವಿಡ್ ಹುಟ್ಟಿಸಿತು ಎಂದೇ ನಾನೂ ತಿಳಿದಿದ್ದೆ. ಅದು ತಪ್ಪು. 1992ರಲ್ಲೇ ಎಡಿನ್‌ಬರೋದಲ್ಲಿ ರಾಬರ್ಟ್ ಲೆವಿನ್ ಮತ್ತು ಜೊತೆಗಾರರು 176 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಮನೆಯಲ್ಲೇ ಓದಿಕೊಂಡು ಅನುಸರಿಸುವ ಆರು ವಾರಗಳ ಒಂದು ಕೈಪಿಡಿ, ನಡುನಡುವೆ ಒಬ್ಬರ ವಿಚಾರಣೆ. ಕೈಪಿಡಿ ಪಡೆದವರಲ್ಲಿ ಆತಂಕ, ಖಿನ್ನತೆ ಕಡಿಮೆಯಾಯಿತು. ಅವರು ವೈದ್ಯರ ಬಾಗಿಲು ತಟ್ಟಿದ್ದೂ ಕಡಿಮೆ. 2017ರಲ್ಲಿ 23 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ, ತೀರಾ ಅಪಾಯದಲ್ಲಿಲ್ಲದ ರೋಗಿಗಳಿಗೆ ಮನೆಯ ಪುನಶ್ಚೇತನವೂ ಕೇಂದ್ರದ ಪುನಶ್ಚೇತನವೂ ಸರಿಸುಮಾರು ಸಮ ಎಂದೇ ಕಂಡಿತ್ತು. ಇಪ್ಪತ್ತೆಂಟು ವರ್ಷ ತೆರೆದೇ ಇದ್ದ ಬಾಗಿಲು ಅದು. ಒಳಗೆ ಹೋದವರು ಕಡಿಮೆ. ನಮ್ಮಲ್ಲಿ ಫೋನ್, ವಿಡಿಯೋ ಮೂಲಕ ವೈದ್ಯರು ರೋಗಿಯನ್ನು ನೋಡುವುದಕ್ಕೆ ಸ್ಪಷ್ಟ ನಿಯಮಾವಳಿ ಬಂದದ್ದು 2020ರ ಮಾರ್ಚ್ 25ರಂದು, ಅದೇ ಯುಗಾದಿಯ ದಿನ. ಲೆವಿನ್ ಗುಂಪು ಮುಖ್ಯವಾಗಿ ಅಳೆದದ್ದು ಆತಂಕವನ್ನು ಎಂಬುದು ನನ್ನ ಮನಸ್ಸಿನಲ್ಲಿ ನಿಂತಿದೆ. ಕನ್ನಡದಲ್ಲಿ ಧೈರ್ಯಕ್ಕೆ ಎದೆಗಾರಿಕೆ ಅನ್ನುತ್ತೇವೆ, ಧೈರ್ಯ ಕಳೆದುಕೊಂಡವನು ಎದೆಗುಂದಿದ ಅನ್ನುತ್ತೇವೆ. ಅಪ್ಪನ ಹೃದಯದ ನಾಳವನ್ನು ಸ್ಟೆಂಟ್ ತೆರೆದಿತ್ತು. ಎದೆಗಾರಿಕೆ ಮರಳಿದ್ದು ವಾರಕ್ಕೆ ಮೂರು ಸಲ ಬರುತ್ತಿದ್ದ ಆ ಐದು ನಿಮಿಷದ ಕರೆಯಿಂದ.

ನೋಟ್‌ಬುಕ್ಕಿನಲ್ಲಿ ಏಪ್ರಿಲ್ 19ರ ಸಾಲು ಖಾಲಿ. ಅದರ ಹಿಂದಿನ ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆಯ ಎಡಗಡೆ ನೋವು ಕಾಣಿಸಿಕೊಂಡಿತು. ‘ಗ್ಯಾಸ್ ಇರಬೇಕು’ ಎಂದರು. ನಾನೂ ಹೂಂ ಎಂದೆ. ನಿಜ ಹೇಳಬೇಕೆಂದರೆ ನನಗೆ ಹೃದಯಕ್ಕಿಂತ ಆಸ್ಪತ್ರೆಯ ಭಯ ಹೆಚ್ಚಾಗಿತ್ತು. ಅಲ್ಲಿ ಕೋವಿಡ್ ಅಂಟಿದರೆ? ನಲವತ್ತು ನಿಮಿಷ ಹಾಗೇ ಕಳೆದೆ. ಕೊನೆಗೆ ಅಮ್ಮನೇ ಆ ಫಿಸಿಯೋಥೆರಪಿಸ್ಟ್‌ಗೆ ಫೋನ್ ಹಚ್ಚಿದರು. ಅತ್ತಲಿಂದ ಬಂದದ್ದು ಒಂದೇ ಮಾತು: ‘ಆಂಟಿ, ಮೊದಲು ಹೊರಡಿ. ದಾರೀಲಿ ಮಾತಾಡೋಣ.’ ಪಕ್ಕದ ಮನೆಯವರ ಕಾರಿನಲ್ಲಿ, ಎರಡು ಕಡೆ ಪೊಲೀಸ್ ಬ್ಯಾರಿಕೇಡಿನಲ್ಲಿ ಡಿಸ್ಚಾರ್ಜ್ ಚೀಟಿ ತೋರಿಸಿ ಹೋದೆವು. ಇಸಿಜಿ, ರಕ್ತ ಪರೀಕ್ಷೆ ಎರಡೂ ಸರಿಯಾಗಿದ್ದವು. ನೋವು ಪಕ್ಕೆಯ ಸ್ನಾಯುವಿನದು. ನಮ್ಮ ಅದೃಷ್ಟ. ಆ ತಿಂಗಳುಗಳಲ್ಲಿ ಭಾರತದ ಆಸ್ಪತ್ರೆಗಳಿಗೆ ಹೃದಯಾಘಾತವೆಂದು ದಾಖಲಾದವರು ಹಿಂದಿನ ವರ್ಷಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಎಂದು ಹೃದ್ರೋಗ ತಜ್ಞರ ಸಂಘ ಮುಂದೆ ಲೆಕ್ಕ ಕೊಟ್ಟಿತು. ಹೃದಯಾಘಾತಗಳು ಅಷ್ಟು ಕಡಿಮೆಯಾದವು ಎಂದು ನಂಬಲು ನನ್ನಿಂದಾಗದು. ನನ್ನ ಹಾಗೆ ನಲವತ್ತು ನಿಮಿಷ ಕಾದವರು, ಬೆಳಗಿನವರೆಗೆ ಕಾದವರು, ಹೊರಡದೇ ಉಳಿದವರು ಆ ಲೆಕ್ಕದ ಆಚೆಗೆ ಎಷ್ಟೋ ಮಂದಿ.

ಮನೆಯ ಪುನಶ್ಚೇತನದಲ್ಲಿ ಎಲ್ಲವೂ ಸಿಗಲಿಲ್ಲ. ಆರು ನಿಮಿಷದ ನಡಿಗೆ ಪರೀಕ್ಷೆಗೆ ಮೂವತ್ತು ಮೀಟರ್ ನೇರ ಜಾಗ ಬೇಕು. ನಮಗಿದ್ದದ್ದು ಹದಿನೆಂಟು ಹೆಜ್ಜೆ. ಅದರ ಬದಲು ಕೈಯೂರದೆ ಕುರ್ಚಿಯಿಂದ ಒಂದು ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿದರು. ಏಪ್ರಿಲ್ ಮೊದಲ ವಾರ 14, ಮೇ ಕೊನೆಗೆ 23. ಲಿವೈನ್‌ನ ಕುರ್ಚಿ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಾಗಿ ಬಂದಿತ್ತು. ಜೂನ್ 26ರ ಸಾಲಿನಲ್ಲಿ ‘30 ನಿಮಿಷ, 11’ ಎಂದಿದೆ. ಮಾರ್ಚಿನಲ್ಲಿ ಐದು ನಿಮಿಷಕ್ಕೆ 13 ಕೊಟ್ಟ ಮನುಷ್ಯ ಇವರೇ.

ಆದರೆ ಆ ಆರು ಜನರ ಗುಂಪು ಚದುರಿಹೋಯಿತು. ಅದರಲ್ಲಿ ಪೀಣ್ಯ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಇದ್ದರು. ಪ್ರತಿ ತರಗತಿಯ ಕೊನೆಗೂ ಅವರದು ಒಂದೇ ಪ್ರಶ್ನೆಯಂತೆ: ‘ಮತ್ತೆ ಮಿಷನ್ ಮೇಲೆ ಕೂತ್ಕೋಬಹುದಾ ಮೇಡಂ?’ ಮನೆ ಒಂದೇ ಕೋಣೆಯದು, ವಠಾರದ ತಾರಸಿಗೆ ಓನರ್ ಬೀಗ. ಇದ್ದ ಒಂದು ಫೋನ್ ಮಗನ ಕೈಯಲ್ಲಿ. ಮೊದಲ ವಾರ ಎರಡು ಸಲ ಮಾತಿಗೆ ಸಿಕ್ಕಿದ್ದರಂತೆ. ಆಮೇಲೆ ಆ ನಂಬರಿಗೆ ಕರೆ ಹೋಗಲಿಲ್ಲ. ಕೆಲಸ ನಿಂತು ಊರಿಗೆ ಹೋದರೋ, ರೀಚಾರ್ಜ್ ಮಾಡಿಸಲಾಗಲಿಲ್ಲವೋ, ತಿಳಿಯಲಿಲ್ಲ. ಸೇವೆ ಮನೆ ಬಾಗಿಲಿಗೆ ಬಂತು ಎಂದು ಬರೆಯುವಾಗ ನನಗೆ ಆ ಬೀಗ ಹಾಕಿದ ತಾರಸಿ ನೆನಪಾಗುತ್ತದೆ. ಹಾಲ್ ದೂರವಿದ್ದರೂ ಅಲ್ಲಿ ಅವರಿಗೊಂದು ಟ್ರೆಡ್‌ಮಿಲ್ ಇತ್ತು, ಕೇಳುವುದಕ್ಕೆ ಒಬ್ಬರಿದ್ದರು.

ಹಾಲ್ ಮತ್ತೆ ತೆರೆದಾಗ ಅಪ್ಪನನ್ನು ಒಂದು ಪರೀಕ್ಷೆಗೆ ಕರೆದರು. ಕುರ್ಚಿಗಳನ್ನು ದೂರ ದೂರ ಇಟ್ಟಿದ್ದರು, ಎಲ್ಲರ ಮುಖಕ್ಕೂ ಮಾಸ್ಕ್. ಮೂವತ್ತು ಮೀಟರ್ ನಡೆದು ನಡೆದು ಆರು ನಿಮಿಷ ಮುಗಿಸಿದ ಅಪ್ಪ, ತಮ್ಮ ಫಲಿತಾಂಶ ಕೇಳುವ ಮೊದಲೇ ‘ಆ ಟೈಲರಮ್ಮ ಬಂದ್ರಾ?’ ಎಂದು ಕೇಳಿದರು. ಫಿಸಿಯೋಥೆರಪಿಸ್ಟ್ ಇಲ್ಲವೆಂದು ತಲೆಯಾಡಿಸಿದರು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಫೋನ್ ನಂಬರ್ ಇದೆ. ಅದರ ಮುಂದೆ ಬೇರೆ ಬೇರೆ ಶಾಯಿಯಲ್ಲಿ ಐದು ತಾರೀಖುಗಳು. ಎಲ್ಲಕ್ಕೂ ಒಂದೇ ಷರಾ: ಹೋಗಲಿಲ್ಲ.